ನಾಯಿಯ ಹಲ್ಲಿಗೆ ಯಾವ ಚ್ಯೂ ಒಳ್ಳೆಯದು?

ಪ್ರಶ್ನೆ: ನಮ್ಮ ನಾಯಿಯ ಬಾಯಿ ವಾಸನೆ ಬರುತ್ತದೆ. ಅಂಗಡಿಯಲ್ಲಿ ಸಿಗುವ ಡೆಂಟಲ್ ಚ್ಯೂ ಕೊಡಬಹುದೇ?

ಉತ್ತರ: ಕೊಡಬಹುದು, ನೋಡಿ ಆರಿಸಿ. ಉಗುರಿನಿಂದ ಒತ್ತಿದರೆ ಗುರುತು ಬೀಳುವಷ್ಟು ಮೆದುವಾಗಿರಲಿ. ಕೊಂಬು, ಗೊರಸು, ಮೂಳೆಯಂಥ ಗಟ್ಟಿ ವಸ್ತು ಕಡಿದರೆ ದವಡೆ ಹಲ್ಲೇ ಸೀಳಬಹುದು. ನಾಯಿಯ ತೂಕಕ್ಕೆ ತಕ್ಕ ಅಳತೆಯದನ್ನೇ ಕೊಳ್ಳಿ; ಚಿಕ್ಕದಾದರೆ ಇಡಿಯಾಗಿ ನುಂಗಿ ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವಿದೆ. ತಿನ್ನುವಾಗ ಪಕ್ಕದಲ್ಲೇ ಇರಿ.

ಪೊಟ್ಟಣದ ಮೇಲೆ ಕ್ಸೈಲಿಟಾಲ್ ಎಂದಿದ್ದರೆ ಖಂಡಿತ ಬೇಡ. ಅದು ನಾಯಿಯ ರಕ್ತದ ಸಕ್ಕರೆಯನ್ನು ದಿಢೀರನೆ ಇಳಿಸುತ್ತದೆ, ಯಕೃತ್ತನ್ನೂ ಕೆಡಿಸಬಲ್ಲದು. ಅಮೆರಿಕದ ವೆಟರ್ನರಿ ಓರಲ್ ಹೆಲ್ತ್ ಕೌನ್ಸಿಲ್‌ನ ಮುದ್ರೆಯಿದ್ದರೆ, ಹಲ್ಲಿನ ಮೇಲಿನ ಲೋಳೆಯನ್ನೋ ಗಟ್ಟಿ ಪಾಚಿಯನ್ನೋ ತಗ್ಗಿಸುವುದು ಪರೀಕ್ಷೆಯಲ್ಲಿ ಕಂಡುಬಂದಿದೆ ಎಂದರ್ಥ.

ಆದರೂ ನಾಯಿಗಳಿಗೆಂದೇ ಇರುವ ಪೇಸ್ಟಿನಿಂದ ದಿನಾ ಹಲ್ಲುಜ್ಜುವುದೇ ಮೇಲು. ವಾಸನೆ ಹೋಗದಿದ್ದರೆ ವಸಡಿನ ರೋಗವಿರಬಹುದು. ತಡಮಾಡದೆ ಪಶುವೈದ್ಯರಿಗೆ ತೋರಿಸಿ.