ಅಲೆಯ ಮೇಲೆ ಅಲೆ ಬಿದ್ದಾಗ



ಗಾಳಿ ನಿಂತ ಹೊತ್ತಿನಲ್ಲಿ ನಿಮ್ಮ ಹೊಲದ ಬಾವಿಗೆ ಹೋಗಿ, ಎರಡು ಕಲ್ಲುಗಳನ್ನು ಒಂದು ಮಾರು ಅಂತರದಲ್ಲಿ ಒಟ್ಟಿಗೇ ನೀರಿಗೆ ಬಿಡಿರಿ. ಎರಡು ಕಡೆಯಿಂದಲೂ ಬಳೆಯಂತೆ ಅಲೆಗಳು ಹೊರಟು ನಡುವೆ ಕೂಡುವುವು. ಕೂಡಿದಲ್ಲಿಯೇ ಅವು ನಿಲ್ಲುವುದಿಲ್ಲ. ಒಂದರೊಳಗಿಂದ ಒಂದು ಹಾದು ಮುಂದೆ ಸಾಗುವುವು. ಆದರೆ ಕೂಡಿದ ಗಳಿಗೆಯಲ್ಲಿ ಒಂದು ಲೆಕ್ಕ ನಡೆಯುವುದು.

ಒಂದರ ಉಬ್ಬು ಇನ್ನೊಂದರ ಉಬ್ಬಿನ ಮೇಲೆ ಬಿದ್ದರೆ ಕೂಡುವ ಲೆಕ್ಕ: ಎರಡು ಅಂಗುಲ, ಎರಡು ಅಂಗುಲ ಸೇರಿ ನೀರು ನಾಲ್ಕು ಅಂಗುಲ ಏಳುವುದು. ಉಬ್ಬು ತಗ್ಗಿನ ಮೇಲೆ ಬಿದ್ದರೆ ಕಳೆಯುವ ಲೆಕ್ಕ: ಅಲ್ಲಿ ನೀರು ಸಮವಾಗುವುದು. ಇದಕ್ಕೆ ಅಲೆಗಳ ವ್ಯತೀಕರಣವೆಂದು ಹೆಸರು.

ಬೆಳಕಿಗೂ ಇದೇ ಲೆಕ್ಕ. ಪಂಪಿನ ಬಳಿ ನಿಂತ ನೀರಿನ ಮೇಲೆ ಡೀಸೆಲ್ ಹನಿ ಬಿದ್ದರೆ ಕಾಮನಬಿಲ್ಲಿನ ಬಣ್ಣಗಳು ಕಾಣುವುದಿಲ್ಲವೇ? ಎಣ್ಣೆಯ ತೆಳು ಪದರದ ಮೇಲಿನಿಂದಲೂ ಕೆಳಗಿನಿಂದಲೂ ಮರಳಿದ ಬೆಳಕಿನ ಅಲೆಗಳು ಕೂಡಿ, ಕೆಲವು ಬಣ್ಣ ಹೆಚ್ಚಿ ಕೆಲವು ಅಳಿಯುವುವು. ಇಂಗ್ಲೆಂಡಿನ ವೈದ್ಯ ಥಾಮಸ್ ಯಂಗ್ 1801ರಲ್ಲಿ ಇಂಥ ಬಣ್ಣಗಳ ಕಾರಣವನ್ನು ಹೀಗೆಯೇ ವಿವರಿಸಿದರು.

ಮತ್ತೆ ಬಾವಿಗೇ ಬರೋಣ. ಈಗ ಒಂದೇ ಕಲ್ಲನ್ನು ಗೋಡೆಯ ಹತ್ತಿರ ಬಿಡಿರಿ. ಅಲೆ ಗೋಡೆಗೆ ತಾಕಿ ಹಿಂದಿರುಗುವುದು. ಹೋಗುವ ಅಲೆಯೂ ಮರಳುವ ಅಲೆಯೂ ಗೋಡೆಯ ಬುಡದಲ್ಲಿ ಕೂಡುವುದರಿಂದ ನೀರು ಅಲ್ಲಿ ಹೆಚ್ಚುಕಡಿಮೆ ಇಮ್ಮಡಿ ಏಳುವುದು.

ಕೆರೆಯ ಏರಿಗೆ ಇದರಿಂದಲೇ ಅಪಾಯ. ನೀರಿನ ಹರವು ಹೆಚ್ಚಿದಷ್ಟೂ ಗಾಳಿಯ ಅಲೆ ದೊಡ್ಡದಾಗುವುದು. ಭಾಲ್ಕಿ ತಾಲ್ಲೂಕಿನ ಕಾರಂಜಾ ಜಲಾಶಯದ ದಂಡೆಯಲ್ಲಿ ನಿಂತವರಿಗೆ ಇದು ಗೊತ್ತು. ಏರಿಯ ಒಳಮೈ ಇಳಿಜಾರಾಗಿದ್ದು ಒರಟು ಕಲ್ಲು ಹೊದಿಸಿದ್ದರೆ, ಅಲೆ ಮೇಲೇರಿ ಒಡೆದು ಬಲಗುಂದುವುದು, ಹಿಂದಿರುಗುವುದು ಸ್ವಲ್ಪವೇ. ಕಲ್ಲು ಕಿತ್ತಲ್ಲಿ ಮಣ್ಣು ಕೊರೆದು, ಮೈ ಗೋಡೆಯಂತೆ ಕಡಿದಾಗುವುದು. ಆಗ ಅಲೆ ಬಲವಾಗಿ ಮರಳಿ, ಬರುವ ಅಲೆಯೊಡನೆ ಕೂಡಿ, ಬುಡವನ್ನು ಇನ್ನೂ ಬೇಗ ತಿನ್ನುವುದು. ಮೇಲಿನ ಮಣ್ಣು ಕುಸಿಯುವುದು. ಏರಿ ಒಡೆದರೆ ಹೋಗುವುದು ನೀರೊಂದೇ ಅಲ್ಲ, ಕೆಳಗಿನ ಹೊಲಗಳೂ ಹೋಗುವುವು.

ಆದುದರಿಂದ, ಮನೆ ಕಟ್ಟಲೆಂದೋ ಬದು ಹಾಕಲೆಂದೋ ಏರಿಯ ಕಲ್ಲನ್ನು ಕೀಳಬೇಡಿರಿ. ಬಗದಲ್ ಸುತ್ತಿನ ಊರುಗಳವರೆಲ್ಲ ಮುಂಗಾರಿಗೆ ಮೊದಲೇ, ನೀರು ಇಳಿದಿರುವಾಗ, ತಮ್ಮೂರ ಕೆರೆಯ ಏರಿಯ ಒಳಮೈಯನ್ನು ಒಮ್ಮೆ ನಡೆದು ನೋಡಿರಿ. ಕೊರೆದ ಜಾಗ ಕಂಡರೆ ಪಂಚಾಯತಿಗೆ ತಿಳಿಸಿರಿ. ಇಂದು ಒಂದು ಗಾಡಿ ಕಲ್ಲಿನಿಂದ ಮುಗಿಯುವ ಕೆಲಸವನ್ನು ಮಳೆಗಾಲಕ್ಕೆ ಬಿಡಬೇಡಿರಿ.