ಸೊನ್ನೆ ತೋರಿಸದ ಗೀಟು

ಡಿಜಿಟಲ್ ಗಡಿಯಾರ 12:51 ತೋರಿಸುತ್ತಿರುವಾಗ ಅದನ್ನೊಮ್ಮೆ ಕನ್ನಡಿಗೆ ಹಿಡಿದು ನೋಡಿ. ಕನ್ನಡಿಯೊಳಗೂ 12:51 ಎಂದೇ ಕಾಣುತ್ತದೆ. ಎಡಬಲ ಅದಲುಬದಲಾದಾಗ 2 ಹೋಗಿ 5 ಆಗುತ್ತದೆ, 5 ಹೋಗಿ 2 ಆಗುತ್ತದೆ. ಒಂದರ ಸ್ಥಾನವನ್ನು ಇನ್ನೊಂದು ತುಂಬುತ್ತದೆ. 12:21ಕ್ಕೆ ಗಡಿಯಾರವನ್ನು ತಲೆಕೆಳಗು ಮಾಡಿದರೂ ಹೊತ್ತು ಬದಲಾಗದು. ಇಪ್ಪತ್ತನಾಲ್ಕು ಗಂಟೆಗಳನ್ನು ನಾಲ್ಕಂಕಿಗಳಲ್ಲಿ ತೋರಿಸುವ ಗಡಿಯಾರದಲ್ಲಿ ತಲೆಕೆಳಗಾದರೂ ಕೆಡದ ಹೊತ್ತುಗಳು ದಿನಕ್ಕೆ ಹನ್ನೊಂದು; ಕನ್ನಡಿಗೆ ಜಗ್ಗದವೂ ಹನ್ನೊಂದೇ. ಕಾಗದದ ಮೇಲೆ ಬರೆದು ನಾನೇ ಎಣಿಸಿದ ಲೆಕ್ಕವಿದು. (ಬಲಕ್ಕೆ ಒತ್ತರಿಸಿಕೊಂಡು ನಿಲ್ಲುವ 1 ಕನ್ನಡಿಯಲ್ಲಿ ಕೊಂಚ ಎಡಕ್ಕೆ ಸರಿಯುತ್ತದೆ. ಅಷ್ಟು ವಿನಾಯಿತಿ ಕೊಡೋಣ.) 2022ರ ಫೆಬ್ರುವರಿ 22ನೇ ದಿನಾಂಕವನ್ನು ಇದೇ ಅಂಕಿಗಳಲ್ಲಿ 22022022 ಎಂದು ಬರೆದು ತಿರುಗಿಸಿದರೆ, ಅದೂ ಹಾಗೆಯೇ ಉಳಿಯುತ್ತದೆ.

ಈ ಸೊಗಸೆಲ್ಲ ಮಿತವ್ಯಯದ ಫಲ. ಅಡ್ಡಕ್ಕೆ ಮೂರು, ಉದ್ದಕ್ಕೆ ನಾಲ್ಕು, ಒಟ್ಟು ಏಳೇ ಗೀಟುಗಳು. ಅವನ್ನು ಬೆಳಗಿಸಿ ಆರಿಸುವ 128 ಬಗೆಗಳಲ್ಲಿ ಹತ್ತನ್ನು ಹೆಕ್ಕಿ ಅಂಕಿಗಳೆಂದು ಕರೆದಿದ್ದೇವೆ. ಕೈಬರಹದ 2 ಮತ್ತು 5ರ ನಡುವೆ ಇಂತಹ ಬಾಂಧವ್ಯವಿಲ್ಲ. ಕನ್ನಡ ಅಂಕಿಗಳ ಬಾಗುಬಳುಕಂತೂ ಈ ಚೌಕಟ್ಟಿಗೆ ಇಳಿಯುವಂಥದ್ದೇ ಅಲ್ಲ. ಏಳು ಗೀಟುಗಳಲ್ಲೇ ಹತ್ತು ಮುಖ ಬರೆಯಹೊರಟರೆ ಮುಖಗಳು ಒಂದನ್ನೊಂದು ಹೋಲಲೇಬೇಕು. 4 ಮತ್ತು 7 ಮಾತ್ರ ಯಾವ ಕನ್ನಡಿಗೂ, ತಲೆಕೆಳಗು ಮಾಡುವುದಕ್ಕೂ ಬಗ್ಗದ ಹಟಮಾರಿಗಳು.

ಆದರೆ ಹೋಲಿಕೆಯೇ ಅಪಾಯಕ್ಕೂ ದಾರಿ. ಮೇಲಿನ ಗೀಟು ಆರಿದರೆ 7 ಎಂಬುದು 1 ಆಗುತ್ತದೆ. ಬಲಮೇಲಿನ ಗೀಟು ಕಳೆದುಕೊಂಡ 9 ಹಾಗೂ ಎಡಕೆಳಗಿನದನ್ನು ಕಳೆದುಕೊಂಡ 6 ಎರಡೂ 5 ಆಗಿಬಿಡುತ್ತವೆ. ನಡುವಿನ ಅಡ್ಡಗೀಟು ಕೆಟ್ಟರೆ 2, 3 ಮುರಿದಂತೆ ಕಂಡು ನಮ್ಮನ್ನು ಎಚ್ಚರಿಸುತ್ತವೆ. 8 ಮಾತ್ರ ಸದ್ದಿಲ್ಲದೆ ಸೊನ್ನೆಯ ವೇಷ ತೊಡುತ್ತದೆ. ಮನೆಯ ರಕ್ತದೊತ್ತಡದ ಯಂತ್ರದಲ್ಲಿ ಹತ್ತರ ಸ್ಥಾನದ ಆ ಗೀಟು ಸತ್ತಿದ್ದರೆ 180 ಎಂಬುದು 100 ಎಂದು ತೋರುತ್ತದೆ. ಗ್ಲುಕೋಮೀಟರಿನ 280, 200 ಆಗುತ್ತದೆ. ಯಂತ್ರದೊಳಗಿನ ಅಳತೆ ಸರಿಯಾಗಿಯೇ ಇರುತ್ತದೆ; ಓದಿದವರು ಮಾತ್ರ ಮಾತ್ರೆಯ ಅಗತ್ಯವಿಲ್ಲವೆಂದು ನೆಮ್ಮದಿಯಾಗಿ ಮಲಗುತ್ತಾರೆ.

ಪೆಟ್ರೋಲ್ ಬಂಕುಗಳಲ್ಲಿ 'ಸೊನ್ನೆ ನೋಡಿ ಸಾರ್' ಎಂಬ ಮಾತು ನಮಗೆಲ್ಲ ರೂಢಿಯಾಗಿದೆ. ಅಳತೆ ಎಲ್ಲಿಂದ ಆರಂಭವಾಯಿತೆಂದು ತಿಳಿಯಲು ಅದು ಸಾಕು. ಗೀಟುಗಳೆಲ್ಲ ಜೀವಂತವಾಗಿವೆಯೇ ಎಂದು ಸೊನ್ನೆ ಹೇಳಲಾರದು. ಅದರ ನಡುಗೀಟು ಸದಾ ಆರಿಯೇ ಇರುತ್ತದೆ. ಏಳನ್ನೂ ಬೆಳಗಿಸುವ ಅಂಕಿ 8 ಒಂದೇ. ಅನೇಕ ಗ್ಲುಕೋಮೀಟರ್‌ಗಳು, ರಕ್ತದೊತ್ತಡದ ಯಂತ್ರಗಳು ಚಾಲೂ ಮಾಡಿದೊಡನೆ ಕ್ಷಣಕಾಲ 888 ಎಂದು ಮಿನುಗುವುದು ಇದಕ್ಕಾಗಿಯೇ. ಅದನ್ನು ಯಂತ್ರ ಎಚ್ಚರಗೊಳ್ಳುವ ಆಕಳಿಕೆಯೆಂದು ಭಾವಿಸಿ ನಾವು ಆಗಲೇ ಪಟ್ಟಿ ಕಟ್ಟಿಕೊಳ್ಳುವುದರಲ್ಲೋ ಬೆರಳು ಒರೆಸಿಕೊಳ್ಳುವುದರಲ್ಲೋ ತೊಡಗಿರುತ್ತೇವೆ. ಮನೆಯಲ್ಲಿ ಹಿರಿಯರಿದ್ದರೆ ಅವರ ಪರವಾಗಿ ಆ ಕ್ಷಣ ಯಾರಾದರೂ ಪರದೆಯನ್ನು ನೋಡಲಿ. ಮೂರು ಎಂಟುಗಳಲ್ಲಿ ಒಂದು ಗೀಟು ಕಾಣದಿದ್ದರೂ ಆ ಯಂತ್ರವನ್ನು ಬದಿಗಿಟ್ಟು ಬೇರೊಂದರಲ್ಲಿ ಪರೀಕ್ಷಿಸಬೇಕು.