ಮೇವಿನ ಬೀಟ್: ಬೇಸಾಯ ಕ್ರಮ ಹಾಗೂ ದನ-ಕುರಿಗಳಿಗೆ ಉಣಿಸುವ ವಿಧಾನ

ಪೀಠಿಕೆ

ಮೇವಿನ ಬೀಟ್ ಎಂಬುದು ನಾವು ತರಕಾರಿಯಾಗಿ ಬಳಸುವ ಬೀಟ್‌ರೂಟ್ ಹಾಗೂ ಸಕ್ಕರೆ ಬೀಟ್‌ಗಳ ಜಾತಿಗೇ ಸೇರಿದ ಗೆಡ್ಡೆ ಬೆಳೆಯಾಗಿದೆ. ಯುರೋಪಿನ ಶೀತ ದೇಶಗಳಲ್ಲಿ ಇದನ್ನು ಬಹುಕಾಲದಿಂದ ಜಾನುವಾರುಗಳ ಮೇವಿಗಾಗಿ ಬೆಳೆಯಲಾಗುತ್ತಿದೆ. ನ್ಯೂಜಿಲೆಂಡ್ ದೇಶದಲ್ಲಿ ಚಳಿಗಾಲದ ಮೇವಾಗಿ ಇದರ ಬಳಕೆಯಿದೆ. ಭಾರತದಲ್ಲಿ ಜೋಧಪುರದ ಕೇಂದ್ರೀಯ ಒಣ ವಲಯ ಸಂಶೋಧನಾ ಸಂಸ್ಥೆಯು ಪಶ್ಚಿಮ ರಾಜಸ್ಥಾನದಲ್ಲಿ ನೀರಾವರಿಯ ಹಿಂಗಾರು ಬೆಳೆಯಾಗಿ ಇದನ್ನು ಪರೀಕ್ಷಿಸಿದೆ. ಹಸಿರು ಮೇವು ಕಡಿಮೆಯಾಗುವ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಗೆಡ್ಡೆಯು ಕೈಗೆ ಬರುವುದು ಇದರ ಮುಖ್ಯ ಪ್ರಯೋಜನವಾಗಿದೆ.

ಆದರೆ ಈ ಬೆಳೆಯನ್ನು ಬೆಳೆಯಲು ಉದ್ದೇಶಿಸುವ ರೈತರು ಒಂದು ವಿಷಯವನ್ನು ಮೊದಲೇ ಮನದಟ್ಟು ಮಾಡಿಕೊಳ್ಳುವುದು ಅಗತ್ಯ. ಮೇವಿನ ಬೀಟ್ ನೋಡಲು ಹಸಿ ಮೇವಿನಂತಿದ್ದರೂ ಗುಣದಲ್ಲಿ ಧಾನ್ಯಕ್ಕೆ ಸಮೀಪವಾದುದು. ಹುಲ್ಲಿನಂತೆ ಹೊಟ್ಟೆ ತುಂಬ ಹಾಕಿದಲ್ಲಿ ಜಾನುವಾರು ಸಾಯುವ ಸಂಭವವಿದೆ.

ಗೆಡ್ಡೆಯಲ್ಲಿ ಏನಿದೆ?

ಗೆಡ್ಡೆಯಲ್ಲಿ ನೀರಿನ ಅಂಶವೇ ಹೆಚ್ಚು. ತಳಿಗನುಗುಣವಾಗಿ ಶೇ. 12 ರಿಂದ 20 ರಷ್ಟು ಮಾತ್ರ ಶುಷ್ಕಾಂಶ (ನೀರನ್ನು ಕಳೆದು ಉಳಿಯುವ ಭಾಗ) ಇರುತ್ತದೆ. ಈ ಶುಷ್ಕಾಂಶದ ಅರ್ಧಕ್ಕಿಂತ ಹೆಚ್ಚು ಪಾಲು ಸಕ್ಕರೆಯಾಗಿದ್ದು, ನಾರು, ಸಸಾರಜನಕ ಹಾಗೂ ರಂಜಕಗಳು ಕಡಿಮೆ ಇರುತ್ತವೆ. ಶೇ. 15 ಶುಷ್ಕಾಂಶವೆಂದು ಲೆಕ್ಕ ಹಿಡಿದಲ್ಲಿ, 15 ಕಿ.ಗ್ರಾಂ. ಗೆಡ್ಡೆಯಿಂದ ದೊರೆಯುವುದು ಸುಮಾರು 2.25 ಕಿ.ಗ್ರಾಂ. ಶುಷ್ಕಾಂಶ ಮಾತ್ರ. 400 ಕಿ.ಗ್ರಾಂ. ತೂಕದ ಹಸುವಿಗೆ ದಿನಕ್ಕೆ ಸುಮಾರು 10 ಕಿ.ಗ್ರಾಂ. ಶುಷ್ಕಾಂಶ ಬೇಕಾಗುವುದರಿಂದ, ಉಳಿದುದನ್ನು ರಾಗಿ ಹುಲ್ಲು, ಜೋಳದ ಸೊಪ್ಪೆ, ಹಸಿರು ಮೇವು ಹಾಗೂ ಹಿಂಡಿಯಿಂದಲೇ ಒದಗಿಸತಕ್ಕದ್ದು.

ಮಣ್ಣು ಮತ್ತು ಬಿತ್ತನೆ

ನೀರು ಬಸಿದು ಹೋಗುವ, ಆಳವಾದ, ಸಡಿಲ ಮಣ್ಣು ಸೂಕ್ತ. ಹುಳಿ ಮಣ್ಣಿನಲ್ಲಿ ಬೆಳೆ ಏಳುವುದಿಲ್ಲ. ಬೀಟ್ ಸಮುದ್ರತೀರದ ಕಾಡು ಸಸ್ಯದಿಂದ ಬಂದುದಾದ್ದರಿಂದ ಬೆಳೆದ ಗಿಡವು ಸ್ವಲ್ಪ ಮಟ್ಟಿಗೆ ಉಪ್ಪಿನಂಶವನ್ನು ತಡೆದುಕೊಳ್ಳುತ್ತದೆ. ಆದರೆ ಮೊಳಕೆಯ ಹಂತದಲ್ಲಿ ಈ ಶಕ್ತಿ ಇರುವುದಿಲ್ಲ. ಬಿತ್ತನೆಗೆ ಮುನ್ನ ಮಣ್ಣು ಪರೀಕ್ಷೆ ಮಾಡಿಸಿ, ಬೋರಾನ್ ಅಂಶವನ್ನೂ ತಿಳಿದುಕೊಳ್ಳುವುದು. ಬೋರಾನ್ ಕೊರತೆಯಿದ್ದಲ್ಲಿ ಗೆಡ್ಡೆಯ ನಡುಭಾಗ ಕಪ್ಪಾಗಿ ಕೊಳೆಯುತ್ತದೆ.

ಅಕ್ಟೋಬರ್ ಮಧ್ಯದಿಂದ ನವೆಂಬರ್ ಮಧ್ಯದವರೆಗೆ ಬಿತ್ತನೆಗೆ ಯೋಗ್ಯ ಕಾಲ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸೇರಿಸಿ ಭೂಮಿಯನ್ನು ಹದ ಮಾಡಿ, 50 ಸೆಂ.ಮೀ. ಅಂತರದಲ್ಲಿ ದಿಂಡುಗಳನ್ನು ಕಟ್ಟಬೇಕು. ದಿಂಡಿನ ಮೇಲೆ 20 ಸೆಂ.ಮೀ. ಅಂತರದಲ್ಲಿ, 2 ಸೆಂ.ಮೀ. ಆಳದಲ್ಲಿ ಬೀಜವನ್ನು ಊರಿ, ಕೂಡಲೇ ತೆಳುವಾಗಿ ನೀರು ಕೊಡುವುದು. ಕೆಲವು ತಳಿಗಳ ಒಂದೊಂದು ಬೀಜವೂ ಹಲವು ಬೀಜಗಳ ಗುಚ್ಛವಾಗಿರುವುದರಿಂದ ಒಂದೇ ಗುಣಿಯಲ್ಲಿ ಎರಡು ಮೂರು ಸಸಿಗಳು ಏಳುತ್ತವೆ. ಮೂರು ನಾಲ್ಕು ವಾರಗಳ ನಂತರ ಒಂದು ಸಸಿಯನ್ನು ಉಳಿಸಿ ಮಿಕ್ಕವನ್ನು ಕಿತ್ತುಹಾಕಬೇಕು. ಮೊದಲ ಎರಡು ತಿಂಗಳು ಕಳೆ ಬೆಳೆಯಲು ಬಿಡಬಾರದು. ಸಾರಜನಕ ಗೊಬ್ಬರವನ್ನು ಕಂತುಗಳಲ್ಲಿ ಕೊಡಬೇಕೇ ಹೊರತು ಕೊಯ್ಲು ಹತ್ತಿರವಿರುವಾಗ ಯೂರಿಯಾ ಹಾಕಬಾರದು. ಎಲೆಗಳಲ್ಲಿ ನೈಟ್ರೇಟ್ ಸಂಗ್ರಹವಾಗಿ ವಿಷವಾಗುವ ಸಂಭವವಿದೆ.

ಈ ಅಂತರದಲ್ಲಿ ಒಂದು ಗುಂಟೆಗೆ ಸುಮಾರು 1,000 ಗಿಡಗಳು ಬರುತ್ತವೆ. ಮುಂದೆ ತಿಳಿಸಿರುವ ಕ್ರಮದಂತೆ ಒಂದು ಹಸುವಿಗೆ ಎರಡು ತಿಂಗಳಿಗೆ ಬೇಕಾಗುವ ಗೆಡ್ಡೆ ಸುಮಾರು 750 ಕಿ.ಗ್ರಾಂ. ಮೊಳೆಯದ ಬೀಜ ಹಾಗೂ ಸಣ್ಣ ಗೆಡ್ಡೆಗಳನ್ನು ಗಣನೆಗೆ ತೆಗೆದುಕೊಂಡರೂ ಹಸುವೊಂದಕ್ಕೆ 2 ಗುಂಟೆ ಸಾಕಾಗುತ್ತದೆ. ಆದ್ದರಿಂದ ಮೊದಲ ವರ್ಷವೇ ಎಕರೆಗಟ್ಟಲೆ ಬಿತ್ತುವ ಅಗತ್ಯವಿಲ್ಲ.

ಕೊಯ್ಲು

ಬಿತ್ತನೆಯಾದ ಸುಮಾರು ನಾಲ್ಕು ತಿಂಗಳಿಗೆ ಗೆಡ್ಡೆ ಸಿದ್ಧವಾಗುತ್ತದೆ. ಬಿಸಿಲಿನ ದಿನಗಳಲ್ಲಿ ಕಿತ್ತ ಗೆಡ್ಡೆ ಬೇಗ ಕೆಡುವುದರಿಂದ, ಆಯಾ ದಿನಕ್ಕೆ ಬೇಕಾದಷ್ಟನ್ನೇ ಕೀಳುವುದು ಒಳ್ಳೆಯದು. ಕೊಳೆತ ಅಥವಾ ಬೂಷ್ಟು ಹಿಡಿದ ಗೆಡ್ಡೆಯನ್ನು ಉಣಿಸಬಾರದು. ಎಲೆಗಳಲ್ಲಿ ಆಕ್ಸಲೇಟ್ ಇದ್ದು, ಅದು ಸುಣ್ಣದಂಶವನ್ನು ದೇಹಕ್ಕೆ ಸಿಗದಂತೆ ಮಾಡುತ್ತದೆ. ಆದುದರಿಂದ ಎಲೆಗಳನ್ನು ಒಂದು ದಿನ ಬಾಡಿಸಿ, ಸ್ವಲ್ಪ ಪ್ರಮಾಣದಲ್ಲಿ ಮಾತ್ರ ಇತರ ಮೇವಿನೊಡನೆ ಕೊಡುವುದು.

ಉಣಿಸುವ ಕ್ರಮ

ದನಗಳ ಮೆಲುಕು ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ನಾರನ್ನು ಜೀರ್ಣಿಸಲು ಹೊಂದಿಕೊಂಡಿರುತ್ತವೆ. ಒಮ್ಮೆಲೇ ಹೆಚ್ಚು ಸಕ್ಕರೆ ಬಂದಾಗ ಲ್ಯಾಕ್ಟಿಕ್ ಆಮ್ಲವನ್ನು ಉತ್ಪಾದಿಸುವ ಜೀವಿಗಳು ವೇಗವಾಗಿ ಹೆಚ್ಚಿ, ಹೊಟ್ಟೆಯು ಹುಳಿಯಾಗಿ, ಆಮ್ಲವು ರಕ್ತಕ್ಕೂ ಸೇರುತ್ತದೆ. ಸೂಕ್ಷ್ಮಜೀವಿಗಳು ಹೊಸ ಆಹಾರಕ್ಕೆ ಹೊಂದಿಕೊಳ್ಳಲು ಎರಡರಿಂದ ಮೂರು ವಾರ ಬೇಕು. ಈ ಕಾರಣದಿಂದ ಕೆಳಕಂಡ ಕ್ರಮವನ್ನು ತಪ್ಪದೇ ಅನುಸರಿಸುವುದು:

1. ಸುಮಾರು 400 ಕಿ.ಗ್ರಾಂ. ತೂಕದ ಹಸುವಿಗೆ ಮೊದಲ 3 ದಿನ ದಿನಕ್ಕೆ 2 ಕಿ.ಗ್ರಾಂ. ಗೆಡ್ಡೆ, ನಂತರ ಪ್ರತಿ 3 ದಿನಗಳಿಗೊಮ್ಮೆ 2 ಕಿ.ಗ್ರಾಂ.ನಂತೆ ಹೆಚ್ಚಿಸಿ, ಮೂರನೆಯ ವಾರದ ಕೊನೆಗೆ 14 ಕಿ.ಗ್ರಾಂ. ತಲುಪುವುದು. 15 ಕಿ.ಗ್ರಾಂ. ಮೀರದಿರುವುದು ಕ್ಷೇಮ.

2. ಸುಮಾರು 30 ಕಿ.ಗ್ರಾಂ. ತೂಕದ ಕುರಿಗೆ ಮೊದಲ 3 ದಿನ 200 ಗ್ರಾಂ. ನಂತರ ಪ್ರತಿ 3 ದಿನಗಳಿಗೊಮ್ಮೆ 200 ಗ್ರಾಂ ಹೆಚ್ಚಿಸುವುದು. 1.5 ಕಿ.ಗ್ರಾಂ. ಮೀರಬಾರದು.

3. ಹಸಿದ ಹೊಟ್ಟೆಗೆ ಗೆಡ್ಡೆ ಕೊಡಬಾರದು. ಮೊದಲು ಒಣಹುಲ್ಲು, ಆಮೇಲೆ ಗೆಡ್ಡೆ. ದಿನದ ಪ್ರಮಾಣವನ್ನು ಎರಡು ಹೊತ್ತಿಗೆ ಹಂಚುವುದು.

4. ಮಣ್ಣನ್ನು ತೊಳೆದು, ತೆಳುವಾದ ಹೋಳುಗಳಾಗಿ ಕತ್ತರಿಸುವುದು. ದುಂಡನೆಯ ತುಂಡುಗಳು ಗಂಟಲಿನಲ್ಲಿ ಸಿಕ್ಕಿಕೊಳ್ಳುತ್ತವೆ.

5. ಗೆಡ್ಡೆ ಹೆಚ್ಚಿಸಿದಂತೆ ಜೋಳ, ಮೆಕ್ಕೆಜೋಳದ ನುಚ್ಚನ್ನು ಕಡಿಮೆ ಮಾಡುವುದು. ಹಿಂಡಿ ಹಾಗೂ ಖನಿಜ ಮಿಶ್ರಣವನ್ನು ನಿಲ್ಲಿಸಬಾರದು.

6. ಎಳೆಗರು ಹಾಗೂ ಎಳೆಯ ಮರಿಗಳಿಗೆ ಕೊಡಬಾರದು. ಬೀಜದ ಟಗರುಗಳಿಗೆ ದೀರ್ಘಕಾಲ ಉಣಿಸಿದಲ್ಲಿ ಮೂತ್ರದಲ್ಲಿ ಹರಳು ಕಟ್ಟುವ ಸಂಭವವಿದೆ.

ಅವಘಡವಾಗುವುದು ಹೇಗೆ?

ಅಳತೆ ಮಾಡಿ ಉಣಿಸುವಾಗ ಅಪಾಯ ಕಡಿಮೆ. ರಾತ್ರಿ ಹಗ್ಗ ಬಿಚ್ಚಿಕೊಂಡ ಹಸು ರಾಶಿಗೆ ಬಾಯಿ ಹಾಕಿದಾಗ, ಅಥವಾ ಹಸಿದ ಕುರಿ ಹಿಂಡು ಹೊಲಕ್ಕೆ ನುಗ್ಗಿದಾಗ ಅಪಾಯ ಹೆಚ್ಚು. ಆದ್ದರಿಂದ ಕಿತ್ತ ಗೆಡ್ಡೆಯನ್ನು ಬಾಗಿಲಿರುವ ಕೋಣೆಯಲ್ಲಿಡುವುದು ಹಾಗೂ ಹೊಲಕ್ಕೆ ಬೇಲಿ ಹಾಕುವುದು. ಕೊಯ್ಲಾದ ಹೊಲಗಳಲ್ಲಿ ಕುರಿ ಮಂದೆ ತರುಬಿಸುವ ರೂಢಿಯುಳ್ಳವರು, ಬೀಟ್ ಹೊಲದಲ್ಲಿ ಉಳಿದ ಗೆಡ್ಡೆಗಳನ್ನು ಸಂಪೂರ್ಣವಾಗಿ ಆಯ್ದ ನಂತರವೇ ಮಂದೆಗೆ ಅನುಮತಿ ನೀಡುವುದು ಮತ್ತು ಕುರಿಗಾಹಿಗಳಿಗೆ ಮುಂಚಿತವಾಗಿ ತಿಳಿಸುವುದು.

ರೋಗ ಲಕ್ಷಣಗಳು ಮತ್ತು ತುರ್ತು ಕ್ರಮ

ಮೇವು ಬಿಡುವುದು, ಮೆಲುಕು ನಿಲ್ಲುವುದು, ಹುಳಿ ವಾಸನೆಯ ನೀರು ನೀರಾದ ಸಗಣಿ, ಕಣ್ಣು ಗುಳಿಬೀಳುವುದು, ತೂರಾಡುವ ನಡಿಗೆ ಹಾಗೂ ಕೊನೆಗೆ ನೆಲ ಹಿಡಿಯುವುದು ಆಮ್ಲೀಯತೆಯ ಲಕ್ಷಣಗಳು. ಇವು ಅರ್ಧ ದಿನದಿಂದ ಒಂದೂವರೆ ದಿನದೊಳಗೆ ಕಾಣಿಸಿಕೊಳ್ಳಬಹುದು. ಹೆಚ್ಚು ತಿಂದಿರುವುದು ತಿಳಿದ ಕೂಡಲೇ, ಲಕ್ಷಣಗಳಿಗಾಗಿ ಕಾಯದೆ, ಗೆಡ್ಡೆ ಹಾಗೂ ಧಾನ್ಯವನ್ನು ನಿಲ್ಲಿಸಿ, ಒಣಹುಲ್ಲು ಮಾತ್ರ ಮುಂದಿಟ್ಟು, ಪಶುವೈದ್ಯರನ್ನು ಕರೆಸುವುದು. ಮಲಗಿದ ಜಾನುವಾರಿಗೆ ಗೊಟ್ಟದಲ್ಲಿ ಏನನ್ನೂ ಕುಡಿಸಬಾರದು. ಅದು ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ಅಡಿಗೆ ಸೋಡಾವನ್ನು ಸಹ ವೈದ್ಯರು ತಿಳಿಸಿದ ಪ್ರಮಾಣದಲ್ಲಿಯೇ ಕೊಡತಕ್ಕದ್ದು.

ಸೇವೆಗಳನ್ನು ಪಡೆಯುವ ಬಗೆ

ಮಣ್ಣು ಪರೀಕ್ಷೆಗಾಗಿ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು, ತಳಿ ಹಾಗೂ ಬೇಸಾಯದ ಸಲಹೆಗಾಗಿ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವನ್ನು, ಉಣಿಸುವ ಪ್ರಮಾಣದ ಬಗ್ಗೆ ಸಮೀಪದ ಪಶುವೈದ್ಯಕೀಯ ಸಂಸ್ಥೆಯನ್ನು ಸಂಪರ್ಕಿಸುವುದು. ಸಲಹೆ ಪಡೆಯಲು ಹೋಗುವಾಗ ಜಾನುವಾರುಗಳ ಸಂಖ್ಯೆ, ವಯಸ್ಸು, ಗಬ್ಬದ ವಿವರ, ಹಾಲಿನ ಇಳುವರಿ ಹಾಗೂ ಈಗ ನೀಡುತ್ತಿರುವ ಮೇವಿನ ವಿವರವನ್ನು ಬರೆದುಕೊಂಡು ಹೋದಲ್ಲಿ ಪ್ರಮಾಣ ನಿಗದಿಪಡಿಸಲು ಅನುಕೂಲವಾಗುವುದು. ತುರ್ತು ಸಂದರ್ಭದಲ್ಲಿ ಸಂಚಾರಿ ಪಶು ಚಿಕಿತ್ಸಾಲಯದ 1962 ಸಂಖ್ಯೆಗೆ ಕರೆ ಮಾಡಿ, ಜಾನುವಾರು ಎಷ್ಟು ಗೆಡ್ಡೆಯನ್ನು ಯಾವ ಸಮಯಕ್ಕೆ ತಿಂದಿತು ಎಂಬುದನ್ನು ಮೊದಲು ತಿಳಿಸುವುದು.